ಅರಗಿನಲ್ಲಿ ಉಳಿದ ಕಂಠಗಳು

ರಾತ್ರಿ ರೇಡಿಯೋ ನಿಲ್ಲಿಸಿದ ಮೇಲೆ ತಂದೆಯವರ ಕಾಲದ ಗ್ರಾಮಫೋನಿಗೆ ಕೀಲಿ ಕೊಡುವುದು ನಮ್ಮ ಮನೆಯ ರೂಢಿ. ಪುಸ್ತಕದ ಭಾಷೆಯಲ್ಲಿ ಧ್ವನಿಮುದ್ರಿಕೆ ಎನ್ನುತ್ತೇವೆ. ಮನೆಯಲ್ಲಿ ಅದು ಬರಿಯ ಪ್ಲೇಟು. ಈ ವಾರದ ಶ್ರವಣಕ್ಕೆಂದು ಮೂರನ್ನು ಮಾತ್ರ ತೆಗೆದಿಟ್ಟಿದ್ದೇನೆ. ಹೆಚ್ಚು ತೆಗೆಯಲು ಮನಸ್ಸಾಗದು. ಉಕ್ಕಿನ ಮುಳ್ಳು ಓಡಿದಾಗಲೆಲ್ಲ ಗೆರೆಯನ್ನು ಅಷ್ಟಷ್ಟು ತಿನ್ನುತ್ತದೆ. ಕೇಳಿದಷ್ಟೂ ಸವೆಯುವ ಸಂಪತ್ತು ಇದು.

ಮೊದಲನೆಯದು ಗೌಹರ್ ಜಾನ್ ಅವರದು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಆಕೆಯ ಹಾಡನ್ನು ಮೊದಲು ಮುದ್ರಿಸಿಕೊಂಡರು. ಆಗ ಮೈಕು ಎಲ್ಲಿಯದು? ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕು. ಆ ಕಂಪನವೇ ಸೂಜಿಯನ್ನು ನಡುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಗಂಟೆಗಟ್ಟಲೆ ರಾಗ ಬೆಳೆಸುವವರಿಗೆ ದೊರೆತದ್ದು ಸುಮಾರು ಮೂರು ನಿಮಿಷ. ಅಷ್ಟರಲ್ಲೇ ಎಲ್ಲವನ್ನೂ ಅಡಕಮಾಡಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಾರೆ. ಅದು ಬಿಂಕವಲ್ಲ. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಬೇಡವೆ? ಈ ಕಂಠಕ್ಕೆ 1928ರಲ್ಲಿ ಆಶ್ರಯವಿತ್ತವರು ನಾಲ್ವಡಿ ಕೃಷ್ಣರಾಜ ಒಡೆಯರು. 1930ರ ಜನವರಿ 17ರಂದು ಆಕೆ ಮೈಸೂರಿನಲ್ಲೇ ತೀರಿಕೊಂಡರು.

ಪ್ಲೇಟಿನ ಮೈಯಲ್ಲಿರುವುದು ಅರಗು. ಭಾರತದ ಅರಗಿನ ಮನೆಯ ಪಾಠ ಮಾಡುವಾಗ ಇದನ್ನು ಹುಡುಗರಿಗೆ ಹೇಳದೆ ಇರಲಾರೆ. ಅಲ್ಲಿ ಸುಡಲೆಂದು ತಂದ ವಸ್ತು ಇಲ್ಲಿ ಕಾಪಾಡಲು ಒದಗಿತು.

ಎರಡನೆಯದು ಅಬ್ದುಲ್ ಕರೀಂ ಖಾನರ ಝಿಂಝೋಟಿ. ಬಾಲಕ ಭೀಮಸೇನ ಜೋಶಿಯವರು ಖಾನ್ ಸಾಹೇಬರ ಝಿಂಝೋಟಿಯನ್ನು ಪ್ಲೇಟಿನಲ್ಲಿ ಕೇಳಿಯೇ ಮರುಳಾಗಿ ಗುರುವನ್ನರಸುತ್ತ ಮನೆ ಬಿಟ್ಟರೆಂಬುದು ಪ್ರಸಿದ್ಧ. ಊರೂರು ಅಲೆದು ಅವರು ಕೊನೆಗೆ ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರನ್ನು. ಅವರು ಖಾನ್ ಸಾಹೇಬರ ಶಿಷ್ಯರೇ!

ಮೂರನೆಯದನ್ನು ಶನಿವಾರಕ್ಕೆ ಇಟ್ಟಿದ್ದೇನೆ. 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದ ಗಂಗೂಬಾಯಿ ಹಾನಗಲ್ಲರ ಹಾಡು. ಗಂಗೂಬಾಯಿಯವರೆಂದರೆ ನಮಗೆ ಆ ಗಂಭೀರವಾದ, ಗಂಡುದನಿಯೆನಿಸುವ ಕಂಠ. ಗಂಟಲಿನ ಚಿಕಿತ್ಸೆಯಾದ ಮೇಲೆ ಒದಗಿದ ದನಿ ಅದು. ಇಲ್ಲಿರುವುದು ಅದಕ್ಕೆ ಹಿಂದಿನದು: ತೆಳ್ಳಗೆ, ಎತ್ತರವಾಗಿ, ಎಳೆಯ ಹುಡುಗಿಯದು. ಅವರು 2009ರಲ್ಲಿ ಅಗಲಿದರು. ಆ ಎಳೆಯ ದನಿಯಾದರೋ ಅವರ ಕಂಠವನ್ನು ಬಿಟ್ಟುಹೋಗಿ ಅದೆಷ್ಟೋ ದಶಕಗಳಾಗಿದ್ದವು.

ನನ್ನ ಪ್ರತಿಗೆ ಕೂದಲೆಳೆಯಷ್ಟು ಸೀಳು ಬಿದ್ದಿದೆ. ಹುಡುಗನಾಗಿದ್ದಾಗ ನಾನೇ ಕೈಜಾರಿಸಿದ್ದು. ತಂದೆಯವರು ಬೈಯಲಿಲ್ಲ, ಅಂದು ಊಟವನ್ನೂ ಮಾಡಲಿಲ್ಲ. ನಿಮಿಷಕ್ಕೆ 78 ಸುತ್ತು, 78 ಸಲ ಟಕ್ಕೆನ್ನುತ್ತದೆ. ಮಗಳು ಅದನ್ನು ತನ್ನ ಫೋನಿನಲ್ಲಿ ಹಿಡಿದಿಡುವೆನೆಂದಿದ್ದಾಳೆ. ಹೊಸ ಮುಳ್ಳು ಹಾಕಿ, ಬೀದಿಯ ಸದ್ದು ಅಡಗಿದ ಮೇಲೆ, ಒಂದೇ ಸಲ ನುಡಿಸುವುದೆಂದು ಒಪ್ಪಂದವಾಗಿದೆ.