ಹತ್ತು ಜನರ ಹೊಣೆ

ಕರ್ನಾಟಕದ ಯಾವ ಮೂಲೆಯ ಹಳ್ಳಿಗೆ ಹೋದರೂ ಸೊಸೈಟಿಯ ಬೋರ್ಡು ಕಣ್ಣಿಗೆ ಬೀಳುತ್ತದೆ. ಮೊದಲು ಊರ ಹೆಸರು, ಆಮೇಲೆ 'ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ' ಎಂಬ ಉದ್ದನೆಯ ಸಾಲು, ಕೊನೆಯಲ್ಲಿ ಜಾಗ ಸಾಲದೆ ಮುದುಡಿ ಕೂತ 'ನಿ.' ಎಂಬ ಒಂದಕ್ಷರ. 'ನಿಯಮಿತ' ಎಂಬುದರ ಸಂಕ್ಷೇಪ ಅದು. ಸಂಘ ಮುಳುಗಿದರೆ ಸದಸ್ಯ ಕಳೆದುಕೊಳ್ಳುವುದು ತನ್ನ ಷೇರಿನ ರೊಕ್ಕ ಮಾತ್ರ. ಸಂಘದ ಸಾಲಕ್ಕಾಗಿ ಅವನ ಮನೆ, ಹೊಲ, ಎತ್ತುಗಳ ತಂಟೆಗೆ ಯಾರೂ ಬರುವಂತಿಲ್ಲ. ಆದರೆ ಹಳ್ಳಿಯ ಸಹಕಾರ ಸಂಘಗಳು ಹುಟ್ಟಿದ ಕಾಲಕ್ಕೆ ಆ ಅಕ್ಷರ ಇರಲಿಲ್ಲ. ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಅದು ಇರಕೂಡದು ಎಂದೇ 1904ರ ಕಾನೂನು ಹೇಳಿತ್ತು.

ಆ ಕಾನೂನು ಬಂದ ಮರುವರ್ಷ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಒಂದು ಕೃಷಿ ಪತ್ತಿನ ಸಂಘ ನೋಂದಣಿಯಾಯಿತು. ಮುಂದೆ ನಿಂತವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಹೆಸರಿನಲ್ಲೇ ಗೌಡಿಕೆ, ಪಾಟೀಲಕಿ ಎರಡೂ ಇದ್ದವರು. ದೇಶದ ಮೊದಲ ಕೃಷಿ ಸಹಕಾರ ಸಂಘ ಇದೇ ಎಂಬ ಹೆಮ್ಮೆ ಆ ಭಾಗದ ಜನಕ್ಕಿದೆ. ತಮಿಳುನಾಡಿನ ತಿರೂರಿನವರು 1904ರ ತಮ್ಮ ಸಂಘವನ್ನು ಮುಂದಿಡುತ್ತಾರೆ. ಬರೋಡಾದವರಂತೂ ಕಾನೂನೇ ಇಲ್ಲದ 1889ರಲ್ಲಿ 'ಅನ್ಯೋನ್ಯ ಸಹಕಾರಿ ಮಂಡಳಿ' ಕಟ್ಟಿಕೊಂಡಿದ್ದರು. ಯಾರು ಮೊದಲು ಎಂಬ ಜಗಳ ಅವರವರಿಗೇ ಇರಲಿ. ಕಣಗಿನಹಾಳದಂಥ ಊರಿಗೆ ಇಂಥದೊಂದು ಸಂಘ ಯಾಕೆ ಬೇಕಾಯಿತು ಎಂಬುದು ಅದಕ್ಕಿಂತ ಸ್ವಾರಸ್ಯದ ಸಂಗತಿ.

ಗದಗದ ಸುತ್ತ ಎರೆ ಭೂಮಿ. ಜೋಳ, ಗೋದಿ, ಎಲ್ಲಕ್ಕಿಂತ ಹೆಚ್ಚಾಗಿ ಹತ್ತಿ. 1840ರ ದಶಕದಲ್ಲೇ ಅಮೆರಿಕದ ಹತ್ತಿ ತಳಿ ಧಾರವಾಡದ ಹೊಲಗಳಿಗೆ ಇಳಿದಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಮುಂಬೈ ಪ್ರಾಂತದ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಏರುಬೆಲೆಯ ಭರವಸೆಯಲ್ಲಿ ಮಾಡಿದ ಸಾಲ ಮಾತ್ರ ಹಾಗೇ ಉಳಿಯಿತು. ಅದರ ಬೆನ್ನಿಗೆ 1876–78ರ ಬರ. 1884ರಲ್ಲಿ ಗದಗಕ್ಕೆ ರೈಲು ಬಂದು ಹತ್ತಿಯ ವಹಿವಾಟೇನೋ ಬೆಳೆಯಿತು. ಆದರೆ ಬಿತ್ತುವ ಮೊದಲೇ ಸಾವಕಾರನಿಂದ ರೊಕ್ಕ ಎತ್ತಿದವನಿಗೆ ಬೆಲೆ ಹೇಳುವ ಬಾಯಿ ಎಲ್ಲಿಂದ ಬರಬೇಕು? ಹತ್ತಿ ಬಿಡಿಸುವ ಹೊತ್ತಿಗೆ ಅದು ಅರ್ಧ ಸಾವಕಾರನದೇ ಆಗಿರುತ್ತಿತ್ತು. 19ನೇ ಶತಮಾನ ಮುಗಿಯುವಷ್ಟರಲ್ಲಿ ಮತ್ತೆರಡು ಬರ ಬಂದು ಹೋದವು.

ಸಾಲದ ಸಿಟ್ಟು ಏನು ಮಾಡಬಲ್ಲದೆಂಬುದನ್ನು ಸರ್ಕಾರ ಅಷ್ಟರಲ್ಲಾಗಲೇ ಕಂಡಿತ್ತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬಲ್ಲಿ ರೈತರು ಸಾವಕಾರರ ಮೇಲೆ ತಿರುಗಿಬಿದ್ದರು. ಅವರ ಕಣ್ಣಿದ್ದದ್ದು ಮುಖ್ಯವಾಗಿ ಸಾಲಪತ್ರ, ಖಾತೆ ಪುಸ್ತಕಗಳ ಮೇಲೆ. ಸಿಕ್ಕಲ್ಲಿ ಅವನ್ನು ಸುಟ್ಟರು. ದಂಗೆ ಅಕ್ಕಪಕ್ಕದ ಊರುಗಳಿಗೂ ಹಬ್ಬಿತು. 1879ರಲ್ಲಿ ರೈತರ ಪರಿಹಾರದ ಕಾನೂನು ಬಂತು, ಮೊದಲಿಗೆ ನಾಲ್ಕೇ ಜಿಲ್ಲೆಗಳಿಗೆ. ಕೋರ್ಟಿನಲ್ಲಿ ಸಾವಕಾರನ ಕೈ ಕಟ್ಟಿದ ಆ ಕಾನೂನು, ಸಾವಕಾರನಲ್ಲದೆ ಇನ್ನಾರ ಹತ್ತಿರ ಸಾಲ ತರಬೇಕೆಂಬ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಉತ್ತರ ಹುಡುಕಲು ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿಗೆ ಕಳಿಸಿತು. ಜರ್ಮನಿಯಲ್ಲಿ ರೈನ್ ನದಿಯ ಆಸುಪಾಸಿನ ಹಳ್ಳಿಗಳಲ್ಲಿ ರೈಫೈಸನ್ ಎಂಬಾತ 1860ರ ದಶಕದಲ್ಲಿ ಕಟ್ಟಿದ ಪತ್ತಿನ ಸಂಘಗಳು ನಿಕೋಲ್ಸನ್ನನ ಮನಸ್ಸಿಗೆ ಹತ್ತಿದವು. ಒಂದು ಊರಿಗೊಂದೇ ಸಂಘ, ಪದಾಧಿಕಾರಿಗಳಿಗೆ ಸಂಬಳವಿಲ್ಲ, ಲಾಭ ಹಂಚುವಂತಿಲ್ಲ, ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಸಮಸ್ತ ಆಸ್ತಿಯಿಂದ ಹೊಣೆ. 1904ರ ಕಾನೂನು ಈ ಬೀಜದಿಂದಲೇ ಮೊಳೆತದ್ದು. ಕನಿಷ್ಠ ಹತ್ತು ಜನ, ಒಂದೇ ಊರಿನವರೋ ಒಂದೇ ಜಾತಿಯವರೋ, ಕೂಡಿದರೆ ಸಂಘ ಆಯಿತು.

ಮೇಲ್ನೋಟಕ್ಕೆ ಈ 'ಸಮಸ್ತ ಆಸ್ತಿಯಿಂದ ಹೊಣೆ' ಎಂಬ ಷರತ್ತು ಬಡವರ ಕೊರಳಿಗೆ ಬಿಗಿದ ಉರುಳಿನಂತೆ ಕಾಣುತ್ತದೆ. ಸಂಘ ನಿಂತಿದ್ದೇ ಅದರ ಮೇಲೆ. ಹೊರಗಿನ ಯಾವ ಬ್ಯಾಂಕಿಗೂ ಕಣಗಿನಹಾಳದ ರೈತನ ಬಾಳುವೆ ಗೊತ್ತಿರಲಿಲ್ಲ. ಪಕ್ಕದ ಹೊಲದವನಿಗೆ ಗೊತ್ತಿತ್ತು. ಇಂಥ ಸಂಘಗಳ ಸಭೆ ಹೇಗೆ ನಡೆದೀತೆಂದು ಊಹಿಸುವುದು ಕಷ್ಟವಲ್ಲ. ಒಬ್ಬ ಎದ್ದು ಎತ್ತು ತರಲು ಸಾಲ ಕೇಳುತ್ತಾನೆ. ಹಿಂದಿನ ಸಾಲಿನಿಂದ ಹಿರಿಯರೊಬ್ಬರು, "ಎತ್ತು ತರಾಕ ಅಂತಿ, ಮಗಳ ಮದಿವಿ ಹತ್ರ ಬಂದೈತಲ್ಲೋ ತಮ್ಮಾ?" ಎನ್ನುತ್ತಾರೆ. ಇಡೀ ಚಾವಡಿ ನಗುತ್ತದೆ, ಅವನೂ ನಗುತ್ತಾನೆ, ಕೇಳಿದ ಮೊತ್ತ ಇಳಿಯುತ್ತದೆ. ಇದಕ್ಕೆ ಯಾವ ಇನ್‌ಸ್ಪೆಕ್ಟರೂ ಬೇಕಿಲ್ಲ. ಅವನು ತೀರಿಸದಿದ್ದರೆ ತಮ್ಮ ಹೊಲಕ್ಕೇ ಕುತ್ತು ಎಂಬ ಅರಿವೊಂದೇ ಸಾಕು.

ಆ ಸಭೆಗೆ ಬರಲಾಗದವರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಹೊಲವೇ ಇಲ್ಲದವನ ಹೊಣೆಯನ್ನು ನೆಚ್ಚುವವರು ಯಾರು? ಕೂಲಿಯವರು, ಕೇರಿಯವರು, ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಬಲ್ಲವರ ಈ ಕೂಟದ ಹೊರಗೇ ಉಳಿದರು. ಊರ ಒಗ್ಗಟ್ಟು ಎಂದಾಗಲೆಲ್ಲ ಯಾವ ಊರು ಎಂದು ಕೇಳಬೇಕಾಗುತ್ತದೆ.

ಆದರೂ ಚಳವಳಿ ಹಬ್ಬಿದ ವೇಗ ಬೆರಗು ಹುಟ್ಟಿಸುವಂಥದು. ಮೈಸೂರು ಸಂಸ್ಥಾನ 1905ರಲ್ಲೇ ತನ್ನದೊಂದು ಕಾನೂನು ಮಾಡಿಕೊಂಡಿತು. ಕರಾವಳಿಯಲ್ಲಿ ವಕೀಲ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಿಂದ ಕೆಲಸ ಶುರುಮಾಡಿದರು. ದೇಶದಲ್ಲಿ 1911–12ರ ಹೊತ್ತಿಗೆ 8,177 ಸಂಘಗಳು, ನಾಲ್ಕು ಲಕ್ಷದಷ್ಟು ಸದಸ್ಯರು. ಧಾರವಾಡದಲ್ಲಿ 1916ರಲ್ಲಿ ಕೇಂದ್ರ ಸಹಕಾರಿ ಬ್ಯಾಂಕು ಎದ್ದಿತು.

ಸಂಘಗಳ ಲೆಕ್ಕ ಏರಿದಷ್ಟು ವಸೂಲಿ ಏರಲಿಲ್ಲ. ಸಾಲ ಮರಳಿ ಬಾರದಿರುವುದರ ಬಗ್ಗೆ 1915ರಲ್ಲೇ ಮ್ಯಾಕ್‌ಲಾಗನ್ ಸಮಿತಿ ಎಚ್ಚರಿಸಿತ್ತು. 1930ರ ದಶಕದಲ್ಲಿ ಫಸಲಿನ ಬೆಲೆ ನೆಲಕಚ್ಚಿದಾಗ ಬಾಕಿ ಬೆಟ್ಟದಷ್ಟಾಯಿತು. ಸ್ವಾತಂತ್ರ್ಯ ಬಂದ ಮೇಲೆ ನಡೆದು 1954ರಲ್ಲಿ ಪ್ರಕಟವಾದ ಗ್ರಾಮೀಣ ಸಾಲ ಸಮೀಕ್ಷೆಯ ಅಂಕಿಗಳು ಮುಖಕ್ಕೆ ಹೊಡೆದಂತಿದ್ದವು: ರೈತ ಮಾಡುವ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. 3.1. ಸಾವಕಾರರದು, ಸಾಲ ಕೊಡುವ ದೊಡ್ಡ ರೈತರದ್ದೂ ಸೇರಿ, ಶೇ. 70ರ ಹತ್ತಿರ. ಐವತ್ತು ವರ್ಷದ ದುಡಿಮೆಗೆ ಸಿಕ್ಕ ಫಲ ಅಷ್ಟು.

ಸಮೀಕ್ಷೆ ನಡೆಸಿದವರು ಕೈಚೆಲ್ಲಲಿಲ್ಲ. ಸಂಘಗಳು ದೊಡ್ಡವಾಗಲಿ, ಸರ್ಕಾರವೇ ಷೇರು ಹಾಕಲಿ, ಸದಸ್ಯರ ಹೊಣೆಗೆ ಮಿತಿ ಇರಲಿ ಎಂದರು. ಬೋರ್ಡಿನ ಮೇಲೆ 'ನಿ.' ಬಂದು ಕೂತದ್ದು ಈ ದಾರಿಯಿಂದ. ರೊಕ್ಕ ಮೇಲಿನಿಂದ ಇಳಿಯತೊಡಗಿತು. ಅದರಿಂದ ಒಳ್ಳೆಯದೂ ಆಯಿತು: ಗೊಬ್ಬರ, ಬೀಜ, ರೇಷನ್ನು ಎಲ್ಲವೂ ಸೊಸೈಟಿಯ ಬಾಗಿಲಿಗೇ ಬಂದವು, ಸಾವಕಾರನ ಹಿಡಿತ ನಿಜವಾಗಿಯೂ ಸಡಿಲಿತು. ಕಳೆದ ದಶಕದ ಆರಂಭದಿಂದ ಕರ್ನಾಟಕದಲ್ಲಿ ಸೊಸೈಟಿಯ ಬೆಳೆಸಾಲಕ್ಕೆ ಒಂದು ಮಿತಿಯವರೆಗೆ ಬಡ್ಡಿಯೇ ಇಲ್ಲ. 2023ರಲ್ಲಿ ಅದರ ಮಿತಿ ಐದು ಲಕ್ಷಕ್ಕೇರಿತು. 1990, 2008, 2017, 2018ರಲ್ಲಿ ಕೇಂದ್ರವೋ ರಾಜ್ಯವೋ ಸಾಲ ಮನ್ನಾ ಸಾರಿದವು. ಬರದಲ್ಲಿ ಬೆಂದ ರೈತನಿಗೆ ಅದು ಬೇಕಾಗಿಯೇ ಇತ್ತು. ಆದರೆ ಪಕ್ಕದ ಹೊಲದವನು ಸಾಲ ಕಟ್ಟಿದರೆಷ್ಟು ಬಿಟ್ಟರೆಷ್ಟು ಎಂದಾದ ಮೇಲೆ ಆ ಹಿರಿಯರ ಪ್ರಶ್ನೆಗೆ ಸಭೆಯಲ್ಲಿ ಜಾಗ ಉಳಿಯಲಿಲ್ಲ. ಉತಾರ ಕೊಟ್ಟು, ಸಹಿ ಹಾಕಿ, ಸೆಕ್ರೆಟರಿಯ ಮುಖ ನೋಡಿ ಬಂದರೆ ಕೆಲಸ ಮುಗಿಯಿತು.

ಕಳೆದುಹೋದದ್ದು ಸಿಕ್ಕಿದ್ದು, ವಿಚಿತ್ರವೆಂದರೆ, ಇನ್ನೊಂದು ಸಹಕಾರ ಸಂಘ ಮುರಿದುಬಿದ್ದ ಜಾಗದಲ್ಲಿ. ದಕ್ಷಿಣ ಕರ್ನಾಟಕದಲ್ಲಿ ಕೆಲಸ ಮಾಡುತ್ತಿದ್ದ ಮೈರಾಡ ಸಂಸ್ಥೆ ಹಳ್ಳಿಗರನ್ನು ಕೂಡಿಸಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತ್ತು. 1980ರ ದಶಕದ ನಡುವೆ ಅವು ಒಳಜಗಳದಲ್ಲಿ ಒಡೆದವು. ಜನ ಚಿಕ್ಕ ಚಿಕ್ಕ ಗುಂಪುಗಳಾಗಿ ಕೂತು, ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕಲ್ಲ ಎಂದರು. ಪರಸ್ಪರ ನಂಬುವವರು ಮಾತ್ರ ಅಂಥ ಗುಂಪಿನಲ್ಲಿದ್ದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ದುಡ್ಡು ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ದೇಶದ ಮಟ್ಟದಲ್ಲಿ ಶುರುವಾಯಿತು. ಹೊಸ ಸಹಸ್ರಮಾನಕ್ಕೆ ಕಾಲಿಡುವ ಹೊತ್ತಿಗೆ ಕರ್ನಾಟಕದ ಸ್ತ್ರೀಶಕ್ತಿ ಗುಂಪುಗಳು ಹುಟ್ಟಿದವು.

ಇಂಥ ಒಂದು ಗುಂಪಿನಲ್ಲಿ ಹತ್ತರಿಂದ ಇಪ್ಪತ್ತು ಜನ. 1905ರ ಚಾವಡಿಯ ಹೊರಗೆ ನಿಂತಿದ್ದವರ ಮೊಮ್ಮಕ್ಕಳು, ಮರಿಮಕ್ಕಳೇ ಇಲ್ಲಿ ಹೆಚ್ಚು. ವಾರಕ್ಕೊಮ್ಮೆ ಯಾರದೋ ಪಡಸಾಲೆಯಲ್ಲಿ ಚಾಪೆ ಹಾಸಿ ಸುತ್ತ ಕೂರುತ್ತಾರೆ. ನಡುವೆ ತಗಡಿನ ಪೆಟ್ಟಿಗೆ. ಪೆಟ್ಟಿಗೆ ಒಬ್ಬಳ ಮನೆಯಲ್ಲಿದ್ದರೆ ಬೀಗದ ಕೈ ಇನ್ನೊಬ್ಬಳ ಸೆರಗಿನಲ್ಲಿ. ಉಳಿತಾಯದ ಹಣ ಎಣಿಸಿ ಪುಸ್ತಕಕ್ಕೆ ಬರೆದಾದ ಮೇಲೆ ಒಬ್ಬಳು ಸಾಲ ಕೇಳುತ್ತಾಳೆ. ಎದುರು ಕೂತವಳು ಯಾತಕ್ಕೆಂದು ಕೇಳುತ್ತಾಳೆ. ಉತ್ತರಕ್ಕೆ ಎಲ್ಲರೂ ಕಾಯುತ್ತಾರೆ.