ಹಿಡಿತ ಮತ್ತು ಬಿಡುಗಡೆ: ಮಿಲ್ಲಿಂಗ್ ಯಂತ್ರದ ಆರ್ಬರ್ ಕುರಿತು ಒಂದು ಚಾರಿತ್ರಿಕ ಟಿಪ್ಪಣಿ

ಪರಿಕರಗಳ ಅಧ್ಯಯನದಲ್ಲಿ ಅಲಗಿಗೆ ಸಂದಷ್ಟು ಗಮನ ಅದನ್ನು ಹಿಡಿದಿರುವ ಭಾಗಕ್ಕೆ ಸಂದಿಲ್ಲ. ಉಪಕರಣ ಬಳಸುವವನಿಗಾದರೋ ಹಿಡಿತವೇ ಮೊದಲ ಚಿಂತೆ. ಪಿಕಾಸಿಯ ಕಾವನ್ನು ಮೇಲಿನಿಂದ ತೂರಿಸಲಾಗುತ್ತದೆ. ಬೀಸಿದಷ್ಟೂ ತಲೆಯು ಕಾವಿನ ದಪ್ಪ ತುದಿಯತ್ತ ಸರಿದು ಬಿಗಿಯಾಗುತ್ತದೆ, ಕಾವಿನ ಕೆಳತುದಿಯನ್ನು ನೆಲಕ್ಕೆ ಕುಟ್ಟಿದರೆ ಸಡಿಲುತ್ತದೆ. ಕೆಲಸದ ನಡುವೆ ಬಿಡಬಾರದು, ಬೇಕೆಂದಾಗ ಬಿಡಬೇಕು. ಲೋಹವನ್ನು ಕತ್ತರಿಸುವ ಮಿಲ್ಲಿಂಗ್ ಯಂತ್ರದ ಚರಿತ್ರೆಯಲ್ಲಿಯೂ ಈ ಎರಡು ಬೇಡಿಕೆಗಳ ನಡುವಿನ ತಿಕ್ಕಾಟವೇ ಕಾಣುತ್ತದೆ.

ಆರ್ಬರ್ ಎಂದರೆ ಯಂತ್ರದ ಸ್ಪಿಂಡಲ್‌ಗೆ ಸೇರಿ ತಿರುಗುವ ಉಕ್ಕಿನ ದಂಡ. ಹಲ್ಲುಗಳುಳ್ಳ ಚಕ್ರಾಕಾರದ ಕಟ್ಟರ್ ಅನ್ನು ಅದಕ್ಕೆ ಪೋಣಿಸಿ, ಇಕ್ಕೆಲಗಳಲ್ಲಿ ಕಾಲರ್ ಎಂಬ ಬಳೆಗಳನ್ನು ತುಂಬಿ, ತುದಿಯಲ್ಲಿ ನಟ್ ಬಿಗಿಯುವರು. ಹೀಗಾಗಿ ಹಿಡಿತದ ಪ್ರಶ್ನೆ ಎರಡು ಕಡೆ ಏಳುತ್ತದೆ: ದಂಡವು ಸ್ಪಿಂಡಲ್‌ನಲ್ಲಿ ನಿಲ್ಲುವ ಬಗೆ, ಕಟ್ಟರ್ ದಂಡದ ಮೇಲೆ ನಿಲ್ಲುವ ಬಗೆ.

ಮಿಲ್ಲಿಂಗ್ ಯಂತ್ರದ ಜನಕನೆಂದು ಎಲೈ ವಿಟ್ನಿಯನ್ನು ಬಹುಕಾಲ ಹೆಸರಿಸಲಾಗುತ್ತಿತ್ತು. ಅನಂತರದ ಸಂಶೋಧನೆ ಅದನ್ನು ಶಂಕಿಸಿದೆ. ಈ ಚರ್ಚೆಗೆ ಹೆಚ್ಚು ಪ್ರಸ್ತುತನಾದವನು ಅಮೆರಿಕದ ಪ್ರಾವಿಡೆನ್ಸ್ ನಗರದ ಜೋಸೆಫ್ ಬ್ರೌನ್. ಬಂದೂಕಿನ ಭಾಗಗಳಲ್ಲಿ ರಂಧ್ರ ಕೊರೆಯುವ ಡ್ರಿಲ್‌ಗಳ ಸುರುಳಿ ಗಾಡಿಗಳನ್ನು ಆಗ ಕೈಯಿಂದ ಅರ ಹಾಕಿ ತೆಗೆಯುತ್ತಿದ್ದರು. ಆ ಶ್ರಮವನ್ನು ತಪ್ಪಿಸಲೆಂದು ಅವನು ರೂಪಿಸಿದ ಸಾರ್ವತ್ರಿಕ ಮಿಲ್ಲಿಂಗ್ ಯಂತ್ರ 1862ರಲ್ಲಿ ಮಾರಾಟವಾಯಿತು. 1864ರಲ್ಲಿ ಅವನು ಪೇಟೆಂಟ್ ಪಡೆದ ಕಟ್ಟರ್‌ನ ಹಲ್ಲಿನ ಮುಂಭಾಗವನ್ನು ಎಷ್ಟು ಸಲ ಸಾಣೆ ಹಿಡಿದರೂ ಅದರ ಆಕೃತಿ ಕೆಡುತ್ತಿರಲಿಲ್ಲ. ಹರಿತ ಕಳೆದುಕೊಂಡಾಗಲೆಲ್ಲ ಅದನ್ನು ಕಳಚಿ, ಮತ್ತೆ ಅದೇ ನೆಲೆಯಲ್ಲಿ ಕೂರಿಸಬೇಕು. ಬಿಡುಗಡೆಯ ಪ್ರಶ್ನೆ ಹೀಗೆ ನಿತ್ಯದ ಪ್ರಶ್ನೆಯಾಯಿತು.

ಆ ಕಾಲದ ಟೇಪರ್‌ಗಳು, ಅಂದರೆ ಸ್ಪಿಂಡಲ್‌ಗೆ ಹೊಂದುವ ಶಂಕುವಿನಾಕಾರದ ಬುಡಗಳು, ಬಹಳ ಸಪೂರವಾಗಿದ್ದವು. ಬ್ರೌನ್ ಅಂಡ್ ಶಾರ್ಪ್ ಟೇಪರ್‌ನ ವ್ಯಾಸ ಅಡಿಗೆ ಸುಮಾರು ಅರ್ಧ ಅಂಗುಲದಷ್ಟು ಕಿರಿದಾಗುತ್ತಿತ್ತು, ಮೋರ್ಸ್ ಟೇಪರ್‌ನದು ಸುಮಾರು ಐದೆಂಟಾಂಶ ಅಂಗುಲದಷ್ಟು. ಇಂಥ ಇಳಿಜಾರು ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ಹಿಡಿಯುವುದೂ ತಿರುಗಿಸುವುದೂ ಬಹುಪಾಲು ಘರ್ಷಣೆಯದೇ ಹೊಣೆ. ಹಿಡಿತ ಚೆನ್ನಾಗಿತ್ತು, ಆದರೆ ಬಿಡಿಸಲು ಹಿಂದಿನಿಂದ ಹೊಡೆಯಬೇಕಿತ್ತು. ಪ್ರತಿ ಹೊಡೆತವೂ ಸ್ಪಿಂಡಲ್‌ನ ಬೇರಿಂಗ್‌ಗೆ ಪೆಟ್ಟು.

1920ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದ ಯಂತ್ರ ತಯಾರಕರು ಒಪ್ಪಿದ ಕಡಿದಾದ ಟೇಪರ್ ಈ ಹೊಣೆಯನ್ನು ಒಡೆದು ಹಂಚಿತು. ಅದರ ಇಳಿಜಾರು ಅಡಿಗೆ ಮೂರೂವರೆ ಅಂಗುಲ, ಅಂದರೆ 24ಕ್ಕೆ 7. ಅದು ತಾನಾಗಿ ಕಚ್ಚಿಕೊಳ್ಳುವುದಿಲ್ಲ, ದಂಡವನ್ನು ಕೇಂದ್ರದಲ್ಲಿ ಕೂರಿಸುತ್ತದೆ ಅಷ್ಟೆ. ಹಿಂದಿನಿಂದ ಎಳೆಯುವ ಡ್ರಾಬಾರ್ ಅದನ್ನು ಹಿಡಿಯುತ್ತದೆ. ಸ್ಪಿಂಡಲ್ ಮುಖದ ಎರಡು ಕೀಲುಗಳು ತಿರುಗಿಸುತ್ತವೆ. ಡ್ರಾಬಾರ್ ಸ್ವಲ್ಪ ಸಡಿಲಿಸಿ ಹಗುರವಾಗಿ ತಟ್ಟಿದರೆ ದಂಡ ಬಿಡುತ್ತದೆ. ಇಡೀ ಚರಿತ್ರೆಯಲ್ಲಿ ನಿಜವಾದ ತಿರುವು ಇದೇ ಎನ್ನಬೇಕು. ಹರಿತವಾದ ಉಕ್ಕುಗಳ ಕಥೆ ಎಷ್ಟೇ ಆಕರ್ಷಕವಾಗಿರಲಿ.

ದಂಡದ ಮೇಲಿನ ಹಿಡಿತದಲ್ಲಿ ಮಾತ್ರ ಒಮ್ಮತವಿಲ್ಲ. ಕಟ್ಟರ್‌ಗೂ ದಂಡಕ್ಕೂ ನಡುವೆ ಕೀ ಎಂಬ ಸಣ್ಣ ಉಕ್ಕಿನ ತುಂಡು ಇಡಬೇಕೆಂಬುದು ಪಠ್ಯಪುಸ್ತಕದ ನಿಯಮ. ಕಾಲರ್‌ಗಳ ಒತ್ತಡವೇ ಸಾಕು, ಸಿಕ್ಕಿಕೊಂಡಾಗ ಕಟ್ಟರ್ ಜಾರಿದರೆ ಹಲ್ಲು ಉಳಿಯುತ್ತದೆ ಎಂಬುದು ಅನೇಕ ಕುಶಲಕರ್ಮಿಗಳ ವಾದ. ತೆಳುವಾದ ಸೀಳು ಗರಗಸಗಳ ಮಟ್ಟಿಗೆ ಈ ವಾದ ಸರಿ. ಅಲ್ಲಿ ಕೀ ಇದ್ದರೆ ಬಲವೆಲ್ಲ ಒಂದೆಡೆ ಸೇರಿ ಗರಗಸ ಒಡೆಯಬಹುದು. ದೊಡ್ಡ ಕಟ್ಟರ್‌ಗಳಿಗೆ ಅದನ್ನು ವಿಸ್ತರಿಸುವುದು ಅಪಾಯ. ಜಾರುವ ಕಟ್ಟರ್ ದಂಡವನ್ನು ಉಜ್ಜಿ ಹಾಳುಮಾಡುತ್ತದೆ. ಆ ಎಳೆತ ಕಾಲರ್‌ಗಳ ಮೂಲಕ ನಟ್‌ಗೆ ತಲುಪಿದರೆ, ತಿರುಗುವ ದಿಕ್ಕಿಗನುಸಾರ ಅದು ಬಿಗಿಯಲೂಬಹುದು, ಬಿಚ್ಚಲೂಬಹುದು.

1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಲೇತ್‌ಗಳಿಂದ ಆರಂಭಿಸಿ ಮಿಲ್ಲಿಂಗ್ ಯಂತ್ರಗಳನ್ನೂ ತಯಾರಿಸಿದಾಗ ಈ ವಿದ್ಯೆ ಕನ್ನಡ ನೆಲದ ದುಡಿಮೆಯ ಭಾಗವಾಯಿತು. ಆರ್ಬರ್, ಕಾಲರ್, ಡ್ರಾಬಾರ್ ಎಂಬ ಪದಗಳು ಅನುವಾದಗೊಳ್ಳದೆಯೇ ಕನ್ನಡ ವಾಕ್ಯಗಳಲ್ಲಿ ನೆಲೆಸಿದವು. ಜಾನಪದ ವಿದ್ವಾಂಸರು ನೇಗಿಲು, ರಾಟೆಗಳ ಪದಕೋಶವನ್ನು ಶ್ರದ್ಧೆಯಿಂದ ಸಂಗ್ರಹಿಸಿದಂತೆ ಕಾರ್ಖಾನೆಯ ಪದಕೋಶವನ್ನು ಸಂಗ್ರಹಿಸಲು ಮುಂದಾಗಲಿಲ್ಲವೆಂಬುದು ಖೇದದ ಸಂಗತಿ. ಗಣಕ ನಿಯಂತ್ರಿತ ಯಂತ್ರಗಳಲ್ಲಿ ಸ್ಪ್ರಿಂಗ್‌ಗಳೇ ಉಪಕರಣವನ್ನು ಎಳೆದು ಹಿಡಿಯುತ್ತವೆ. ಕೈಯಿಂದ ಬಿಗಿಯುವ ಆರ್ಬರ್‌ನ ಬಳಕೆ ತಗ್ಗಿದೆ. ಅದರೊಂದಿಗೆ ತಗ್ಗುತ್ತಿರುವುದು ಬಾಯಿಂದ ಬಾಯಿಗೆ ಸಾಗಿದ ತಿಳಿವಳಿಕೆ. ಕಾಲರ್‌ಗಳ ನಡುವೆ ಕೂದಲೆಳೆಯಷ್ಟು ಲೋಹದ ಚೂರು ಉಳಿದರೂ ನಟ್ ಬಿಗಿದಾಗ ಇಡೀ ದಂಡ ಬಾಗುತ್ತದೆ. ಆದ್ದರಿಂದ ಪ್ರತಿಯೊಂದು ಮುಖವನ್ನೂ ಬಟ್ಟೆಯಿಂದ ಒರೆಸಿ ಪೋಣಿಸಬೇಕು. ಹೊರತುದಿಗೆ ಆಸರೆಯ ತೋಳನ್ನು ಕೂರಿಸಿದ ಮೇಲಷ್ಟೇ ನಟ್‌ಗೆ ಸ್ಪ್ಯಾನರ್ ಹಾಕಬೇಕು. ಬಿಚ್ಚುವಾಗ ನಟ್ ಸಡಿಲಿಸಿದ ಮೇಲಷ್ಟೇ ಆ ತೋಳನ್ನು ತೆಗೆಯಬೇಕು.