ಕರಾವಳಿಯ ರಾತ್ರಿ ರೈಲು

ಮುಂಬಯಿಯಲ್ಲಿ ನೆಲೆಸಿದ ಕರಾವಳಿ ಕನ್ನಡಿಗರಾದ ನಮಗೆ ಊರಿಗೆ ಹೋಗುವ ದಾರಿಯೇ ಒಂದು ಚರಿತ್ರೆ. ಮೊದಲು ಹಿರಿಯರು ಹಡಗು ಹತ್ತಿದರು. ಆಮೇಲೆ ಬಸ್ಸು ಬಂತು. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತಾದರೂ ಅದು ದಕ್ಷಿಣದಿಂದ ಬಂದದ್ದು. ರೈಲಿನಲ್ಲೇ ಹೋಗಬೇಕೆಂದರೆ ಆಂಧ್ರ, ತಮಿಳುನಾಡು, ಕೇರಳಗಳನ್ನು ಸುತ್ತಿ 2,041 ಕಿಲೋಮೀಟರ್ ಸಾಗಬೇಕಿತ್ತು. 1951ರಲ್ಲಿ ಬಜ್ಪೆಯಲ್ಲಿ ವಿಮಾನ ನಿಲ್ದಾಣವಾಯಿತು. ಆದರೆ ಹೋಟೆಲು, ಗಿರಣಿ, ಕಚೇರಿಗಳಲ್ಲಿ ದುಡಿಯುವವರಿಗೆ ಆ ಟಿಕೇಟು ಎಟುಕುವಂತಿರಲಿಲ್ಲ.

1990ರಲ್ಲಿ ಕೊಂಕಣ ರೈಲ್ವೆ ನಿಗಮದ ಸ್ಥಾಪನೆಯಾಯಿತು. ಆಗ ರೈಲ್ವೆ ಸಚಿವರಾಗಿದ್ದವರು ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್. ಕಾಮಗಾರಿಯ ಹೊಣೆ ಹೊತ್ತವರು ಇ. ಶ್ರೀಧರನ್. ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್. ತೊಂಬತ್ತಕ್ಕೂ ಮಿಕ್ಕಿ ಸುರಂಗಗಳು. ಕರಬುಡೆಯ ಸುರಂಗವೊಂದೇ ಆರೂವರೆ ಕಿಲೋಮೀಟರ್ ಉದ್ದ. ಕೆಲಸದಲ್ಲಿ ಪ್ರಾಣ ತೆತ್ತ ಕಾರ್ಮಿಕರ ಸ್ಮಾರಕ ರತ್ನಾಗಿರಿಯಲ್ಲಿದೆ. 1998ರಲ್ಲಿ ಮಾರ್ಗ ಪೂರ್ಣವಾಗಿ ತೆರೆಯಿತು. ಅದೇ ವರ್ಷ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಓಡತೊಡಗಿತು. ಮಂಗಳೂರಿನ ದೂರ 914 ಕಿಲೋಮೀಟರಿಗೆ ಇಳಿಯಿತು. ಮಧ್ಯಾಹ್ನದ ಮೇಲೆ ಕುರ್ಲಾದಲ್ಲಿ ಹತ್ತಿದವರು ಮರುದಿನ ಬೆಳಿಗ್ಗೆ ಊರಿನಲ್ಲಿ ಕಾಫಿ ಕುಡಿಯುವಂತಾಯಿತು.

ಈ ಅನುಕೂಲ ಸುಲಭಕ್ಕೆ ಉಳಿಯಲಿಲ್ಲ. 2003ರ ಜೂನ್‌ನಲ್ಲಿ ವೈಭವವಾಡಿಯ ಬಳಿ ಗುಡ್ಡ ಕುಸಿದು ಕಾರವಾರದಿಂದ ಬರುತ್ತಿದ್ದ ರೈಲು ಹಳಿ ತಪ್ಪಿತು. ಸುಮಾರು 50 ಮಂದಿ ಸತ್ತರು. ಮರುವರ್ಷ ಮಳೆಗಾಲದಲ್ಲಿ ಮತ್ಸ್ಯಗಂಧವೇ ಬಂಡೆಗೆ ಬಡಿಯಿತು. ಅಂದಿನಿಂದ ಗುಡ್ಡಗಳ ಇಳಿಜಾರು ತಗ್ಗಿಸುವುದು, ಬಲೆ ಹೊದಿಸುವುದು, ಹಳಿಯ ಮೇಲೆ ಕಾವಲು ನಡೆಯುವುದು ಹೆಚ್ಚಿತು. ಮಳೆಗಾಲದಲ್ಲಿ ರೈಲು ನಿಧಾನ. ಅದಕ್ಕೆ ಬೇರೆಯೇ ವೇಳಾಪಟ್ಟಿ. ತಡವಾಯಿತೆಂದು ಗೊಣಗುವಾಗ ಇದರ ಕಾರಣ ನೆನಪಿರಲಿ.

2003ರಲ್ಲಿಯೇ ಕನ್ನಡಿಗರಾದ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಆರಂಭಿಸಿ ಅಗ್ಗದ ವಿಮಾನದ ಬಾಗಿಲು ತೆರೆದರು. ಸಾವಿನ ಸುದ್ದಿ ಬಂದಾಗ, ಕಾಯಿಲೆಯವರನ್ನು ಕರೆತರುವಾಗ ವಿಮಾನ ದೊಡ್ಡ ಉಪಕಾರವೇ ಸರಿ. ಆದರೆ ಉಳಿದ ಪ್ರಯಾಣಗಳ ಲೆಕ್ಕ ಬೇರೆ. ಹಾರಾಟ ಒಂದೂವರೆ ಗಂಟೆಯದಾದರೂ ಮನೆಯಿಂದ ನಿಲ್ದಾಣ, ಅಲ್ಲಿನ ತಪಾಸಣೆ, ಕಾಯುವಿಕೆ, ಬಜ್ಪೆಯಿಂದ ಮನೆ ಎಂದು ಅರ್ಧ ಹಗಲು ಕಳೆಯುತ್ತದೆ. ರೈಲಿನ ಹೆಚ್ಚಿನ ಹೊತ್ತು ನಿದ್ದೆಯಲ್ಲಿ ಸಾಗುತ್ತದೆ. ಅಕ್ಕಿಮುಡಿಯಲ್ಲದಿದ್ದರೂ ಹಪ್ಪಳ, ಉಪ್ಪಿನಕಾಯಿ, ಹಲಸಿನ ಹಣ್ಣು ತೂಕದ ಚಿಂತೆಯಿಲ್ಲದೆ ಬರುತ್ತವೆ. 2022ರಲ್ಲಿ ಈ ಮಾರ್ಗ ಪೂರ್ಣ ವಿದ್ಯುದೀಕರಣಗೊಂಡ ಮೇಲೆ ಡೀಸೆಲಿನ ಹೊಗೆಯೂ ತಗ್ಗಿದೆ. ವಿಮಾನಕ್ಕಿಂತ ರೈಲಿನ ಇಂಗಾಲದ ಹೊರೆ ಬಹಳ ಕಡಿಮೆ.

ಇನ್ನೊಂದು ಮಾತುಂಟು. ಮಾರ್ಗದ ಬಹುಭಾಗ ಇಂದಿಗೂ ಒಂಟಿ ಹಳಿ. ಹಬ್ಬದ ದಿನಗಳಲ್ಲಿ ಬರ್ತ್ ಸಿಗುವುದು ಕಷ್ಟ. ಅರ್ಜಿ ಬರೆಯಬಲ್ಲವರು, ಜನಪ್ರತಿನಿಧಿಗಳನ್ನು ಕಾಣಬಲ್ಲವರು ಎಲ್ಲರೂ ವಿಮಾನ ಹತ್ತಿಬಿಟ್ಟರೆ ಜೋಡಿ ಹಳಿ, ಹೆಚ್ಚು ಬೋಗಿ, ಶುಚಿಯಾದ ಶೌಚಾಲಯ ಕೇಳುವವರು ಯಾರು? ಉಳಿದವರ ಪಾಲಿಗೆ ರೈಲು ಸೊರಗುತ್ತದೆ. ಕೈಯಲ್ಲಿ ಒಂದು ರಾತ್ರಿಯ ಬಿಡುವಿದ್ದಾಗ ನಾವು ರೈಲಿನ ಟಿಕೇಟನ್ನೇ ತೆಗೆಸೋಣ. ಪಡೆದ ಮಾರ್ಗವನ್ನು ಉಳಿಸಿಕೊಳ್ಳುವ ಬಗೆ ಅದನ್ನು ಬಳಸುವುದೇ.